ಕಾರಣ ಬಿದ್ದುಹೋದ ಮೇಲೂ ಯುದ್ಧ ನಡೆಯಿತಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಊರ ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ಉದ್ದವಾಗಿದೆ. ಒಂದೆರಡು ತಮಾಷೆ ಬಿಟ್ಟುಹೋಗಿದೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ಸಮಯ 40 ನಿಮಿಷ. ಹಿಂದಿನ ಜಗಲಿಯಿಂದ ಗೋಳಿಬಜೆಯ ಪರಿಮಳ ಬರ್ತಾ ಉಂಟು. ಹಾಗಾಗಿ 35ಕ್ಕೆ ಮುಗಿಸುವ ಆಸೆ ನಿಮಗಿಂತ ಜಾಸ್ತಿ ನನಗೇ ಇದೆ.

ನಾನು 31 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಚರಿತ್ರೆ ಕಲಿಸಿದವನು. ಚರಿತ್ರೆಯ ಪುಸ್ತಕದಲ್ಲಿ ಯಾವ ಯುದ್ಧ ಬಂದರೂ 'ಕಾರಣಗಳು' ಅಂತ ಒಂದು ಸಾಲು ಇರುತ್ತದೆ. ಅದರ ಕೆಳಗೆ ಐದು ಕಾರಣ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ನಾವು ಐದಕ್ಕೆ ಐದು ಮಾರ್ಕು ಹಾಕುತ್ತೇವೆ. ಒಮ್ಮೆ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ಕೇಳಿದಳು: "ಸಾರ್, ಈ ಐದರಲ್ಲಿ ಯಾವುದು ಇಲ್ಲದಿದ್ದರೆ ಯುದ್ಧ ಆಗ್ತಿರಲಿಲ್ಲ?"

ನನಗೆ ಉತ್ತರ ಗೊತ್ತಿರಲಿಲ್ಲ. "ಕೂತ್ಕೊ, ಮುಂದಿನ ಪಾಠ ತೆಗಿ" ಅಂದೆ. ಮೇಷ್ಟ್ರುಗಳಿಗೆ ಅದೊಂದು ಸೌಕರ್ಯ ಇದೆಯಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವತ್ತು ಹೇಳುವುದೆಲ್ಲ ಅವಳಿಗೆ ಅವತ್ತು ಕೊಡಬೇಕಾಗಿದ್ದ ಉತ್ತರ.

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೊಸತಲ್ಲ. ಮಳೆ ಹಿಡಿದು ಯಕ್ಷಗಾನ ಮೇಳಗಳು ಒಳಗೆ ಸೇರಿದ ಮೇಲೆ ತಾಳಮದ್ದಲೆ ಶುರುವಾಗುತ್ತದೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಕೃಷ್ಣ ಸಂಧಾನ ಪ್ರಸಂಗವನ್ನು ಇಲ್ಲಿ ಕೇಳದವರು ಯಾರಿದ್ದಾರೆ? ಅದರ ಗಂಟು ಇರುವುದೇ ಉದ್ದೇಶದಲ್ಲಿ. ಕೃಷ್ಣ ಹಸ್ತಿನಾವತಿಗೆ ಹೋದದ್ದು ಸಂಧಿ ಆಗಲಿ ಅಂತಲಾ, ಸಂಧಿ ಮುರಿಯಲಿ ಅಂತಲಾ? ಐದು ಗ್ರಾಮ ಕೊಡು ಸಾಕು ಅಂತ ಕೇಳುತ್ತಾನೆ. ಹೊರಡುವ ಮೊದಲು ದ್ರೌಪದಿ ಬಿಚ್ಚಿದ ಮುಡಿ ತೋರಿಸಿದಾಗ ಅವಳಿಗೂ ಮಾತು ಕೊಡುತ್ತಾನೆ. ಎರಡೂ ಮಾತು ಒಂದೇ ಬಾಯಿಯದು. ಕೌರವನ ಪಾತ್ರದ ಮಾತಾಡುವ ಅರ್ಥಧಾರಿ ಚುರುಕಾಗಿದ್ದರೆ ಅಲ್ಲಿಗೇ ಕೈಹಾಕುತ್ತಾನೆ: ನೀನು ಬಂದದ್ದು ಸಂಧಿಗಲ್ಲ ಮಾರಾಯ, ಸಂಧಿಗೆ ಹೋಗಿದ್ದೆ ಅಂತ ಲೋಕಕ್ಕೆ ಹೇಳಲಿಕ್ಕೆ. ಆಶ್ಚರ್ಯ ಏನೆಂದರೆ, ಮಹಾಭಾರತದಲ್ಲಿ ಕೃಷ್ಣ ವಿದುರನ ಹತ್ತಿರ ಹೆಚ್ಚುಕಡಿಮೆ ಹಾಗೆಯೇ ಹೇಳುತ್ತಾನೆ. ಕೈಲಾಗುವವನು ತಡೆಯಲಿಲ್ಲ ಅಂತ ನಾಳೆ ಜನ ನನ್ನನ್ನು ಆಡಿಕೊಳ್ಳಬಾರದು ಅಂತ.

ಇನ್ನೊಂದು ಸಂಗತಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದ ಹಿರಿಯರು ಇಲ್ಲಿ ಕೂತಿದ್ದೀರಿ. ಅವರು ವಾಲಿಯಾಗಿ ಮಾತಾಡುವಷ್ಟು ಹೊತ್ತು ರಾಮನದ್ದೇ ತಪ್ಪು ಅನಿಸುತ್ತಿತ್ತು. ಬೇರೆ ದಿನ ಅದೇ ಕಲಾವಿದ ಇನ್ನೊಂದು ಪಕ್ಷ ಹಿಡಿದು ಕೂತರೆ ಅದೂ ಸರಿ ಅನಿಸುತ್ತಿತ್ತು. ನಾವು ಚಪ್ಪಾಳೆ ಹೊಡೆದು ಮನೆಗೆ ಬರುತ್ತಿದ್ದೆವು. ಆದರೆ ಅಷ್ಟು ಚೆನ್ನಾಗಿ ಮಾತಾಡಿದ ಅಂತ ವಾಲಿಯೇ ಸಾಚಾ ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಪ್ರಧಾನಿಗಳ, ಅಧ್ಯಕ್ಷರ ಯುದ್ಧದ ಭಾಷಣ ಕೇಳುವಾಗ ಮಾತ್ರ ನಮ್ಮ ಈ ಬುದ್ಧಿ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ಸರಿ, ಹತ್ತಿರದ ಒಂದು ಯುದ್ಧ ನೋಡೋಣ. ಹತ್ತಿರ ಅಂದರೆ ಜಾಗದಲ್ಲಿ. ಕಾಲದಲ್ಲಿ 225 ವರ್ಷಕ್ಕೂ ಹಿಂದಿನದು.

1798ರ ಜನವರಿಯಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ತಿಕ್ ಒಂದು ಪ್ರಕಟಣೆ ಹೊರಡಿಸಿದ. ಇಂಗ್ಲಿಷರ ವಿರುದ್ಧ ಟಿಪ್ಪು ಸುಲ್ತಾನ ನಮ್ಮ ಸಹಾಯ ಕೇಳಿದ್ದಾನೆ, ಮನಸ್ಸಿದ್ದವರು ಹೆಸರು ಕೊಡಿ ಅಂತ. ಗುಟ್ಟಾಗಿ ಬಂದ ರಾಯಭಾರಿಗಳ ಮಾತನ್ನು ಈ ಪುಣ್ಯಾತ್ಮ ಡಂಗುರ ಹೊಡೆದ! ಹೆಸರು ಕೊಟ್ಟವರೆಷ್ಟು? ನೂರೂ ತುಂಬಲಿಲ್ಲ. ಅವರು ಏಪ್ರಿಲ್‌ನಲ್ಲಿ ಹಡಗಿನಿಂದ ಇಳಿದದ್ದು ನಮ್ಮ ಮಂಗಳೂರಿನಲ್ಲಿ.

ಜೂನ್‌ನಲ್ಲಿ ಆ ಪ್ರಕಟಣೆ ಕಲ್ಕತ್ತಾದ ಪತ್ರಿಕೆಯಲ್ಲಿ ಬಂತು. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿಗೆ ಬಂದು ತಿಂಗಳಾಗಿತ್ತಷ್ಟೆ. ಯುದ್ಧಕ್ಕೆ ಅವನು ಕೊಟ್ಟ ಕಾರಣ ಇದೇ: ಫ್ರೆಂಚರು ಮತ್ತು ಟಿಪ್ಪು ಒಂದಾಗುತ್ತಿದ್ದಾರೆ, ಈಸ್ಟ್ ಇಂಡಿಯಾ ಕಂಪೆನಿಗೆ ಅಪಾಯ. ಇದನ್ನು ಸುಳ್ಳು ಅಂತ ನಾನು ಹೇಳುವುದಿಲ್ಲ. ರಾಯಭಾರಿಗಳು ಹೋದದ್ದು ನಿಜ. ಆ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದು ಇಳಿದದ್ದೂ ನಿಜ. ಹೆದರಲಿಕ್ಕೆ ವಿಷಯ ಇತ್ತು.

ಈಗ ಆ ಹುಡುಗಿಯ ಪ್ರಶ್ನೆ ಹಾಕಿ ನೋಡಿ. 1798ರ ಆಗಸ್ಟ್ 1ರಂದು ನೈಲ್ ನದಿಯ ಬಾಯಲ್ಲಿ ಇಂಗ್ಲಿಷರ ನೌಕಾಪತಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ಧೂಳೀಪಟ ಮಾಡಿದ. ಸುದ್ದಿ ಅಕ್ಟೋಬರ್ ಕೊನೆಗೆ ಕಲ್ಕತ್ತಾ ಮುಟ್ಟಿತು. ಹೈದರಾಬಾದಿನ ನಿಜಾಮನ ಹತ್ತಿರ ಇದ್ದ ಫ್ರೆಂಚ್ ಅಧಿಕಾರಿಗಳ ಪಡೆಯ ಆಯುಧವನ್ನೂ ಆ ತಿಂಗಳಲ್ಲೇ ಕಸಿದಾಗಿತ್ತು. ಹಡಗೇ ಇಲ್ಲದ ಮೇಲೆ ಫ್ರೆಂಚರು ಮಂಗಳೂರಿಗೆ ಈಜಿಕೊಂಡು ಬರಬೇಕಾ? ಅಪಾಯ ಪೂರಾ ಹೋಗಲಿಲ್ಲ, ಆದರೆ ಎಷ್ಟೋ ಕಡಿಮೆಯಾಯಿತು. ನೈಲ್ ಗೆಲುವಿನ ಸುದ್ದಿಯನ್ನು ವೆಲ್ಲೆಸ್ಲಿಯೇ ನವೆಂಬರ್‌ನಲ್ಲಿ ಟಿಪ್ಪುವಿಗೆ ಬರೆದು ತಿಳಿಸಿದ. ಹಾಗಾದರೆ ಸೈನ್ಯ ನಿಂತಿತಾ? ಇಲ್ಲ. 1799ರ ಫೆಬ್ರವರಿಯಲ್ಲಿ ಹೊರಟಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ಕಾರಣದ ತೂಕ ಇಳಿಯುವಾಗ ಯುದ್ಧದ ವೇಗ ಏರಿತು. ಇಂಥ ಕಡೆ ಒಳಗೆ ಬೇರೆ ಏನೋ ಇದೆ ಅಂತ ನನಗೆ ಅನುಮಾನ ಬರುತ್ತದೆ. ಭಾರತಕ್ಕೆ ಬರುವ ದಾರಿಯಲ್ಲಿ, ಗುಡ್ ಹೋಪ್ ಭೂಶಿರದಿಂದ ಬರೆದ ಪತ್ರಗಳಲ್ಲೇ ವೆಲ್ಲೆಸ್ಲಿ ಮೈಸೂರಿನ ಲೆಕ್ಕಾಚಾರ ಹಾಕುತ್ತಿದ್ದ. ಆಗ ಮಲಾರ್ತಿಕ್‌ನ ಪ್ರಕಟಣೆ ಅವನ ಕೈಗೆ ಬಂದೇ ಇರಲಿಲ್ಲ. ಇನ್ನು ಗೆದ್ದ ಮೇಲೆ ಏನು ಇಟ್ಟುಕೊಂಡರು ಅಂತ ನೋಡಿ. ಮೈಸೂರನ್ನು ಒಡೆಯರ ವಂಶಕ್ಕೆ ಕೊಟ್ಟರು, ಕರಾವಳಿಯನ್ನು ತಾವಿಟ್ಟುಕೊಂಡರು. ಮೈಸೂರಿಗೆ ಸಮುದ್ರದ ಬಾಗಿಲು ಮುಚ್ಚಿತು. ಕೆನರಾ ಜಿಲ್ಲೆ ಕಂಪೆನಿಯದಾಯಿತು, ಮೊದಲ ಕಲೆಕ್ಟರಾಗಿ ಥಾಮಸ್ ಮನ್ರೋ ಬಂದ. ಬೇಕಲ, ಕುಂಬಳೆ, ನಾವು ಈಗ ಕೂತ ಈ ಜಾಗ ಎಲ್ಲ ಅದರ ಒಳಗೆ. ಅಲ್ಲಿಂದ 1956ರ ನವೆಂಬರ್ 1ರ ವರೆಗೆ ನಾವು ಮಂಗಳೂರಿನ ಜೊತೆಯಲ್ಲೇ ಇದ್ದೆವು. ಅವತ್ತು ಕಾಸರಗೋಡು ಕೇರಳಕ್ಕೆ ಸೇರಿತು, ಮತ್ತೆ ಏನಾಯಿತು ಅಂತ ನಿಮಗೆ ಗೊತ್ತು. ಅದನ್ನು ಶುರುಮಾಡಿದರೆ ಗೋಳಿಬಜೆ ತಣ್ಣಗಾಗುತ್ತದೆ.

ಟಿಪ್ಪುವಿನ ಹೆಸರು ತೆಗೆದ ಕೂಡಲೇ ಸಭೆಯಲ್ಲಿ ಎರಡು ಪಕ್ಷ ಆಗುತ್ತದೆ. ಈಗಲೂ ಆಗಿದೆ, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ! ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನುವುದು ಬೇರೆ ಪ್ರಶ್ನೆ. ನಾವು ತೂಗುತ್ತಿರುವುದು ವೆಲ್ಲೆಸ್ಲಿಯ ಮನಸ್ಸನ್ನು. ಎದುರಾಳಿ ಕೆಟ್ಟವನಾಗಿದ್ದ ಮಾತ್ರಕ್ಕೆ ಯುದ್ಧಕ್ಕೆ ಹೊರಟವನು ಒಳ್ಳೆಯ ಉದ್ದೇಶದಿಂದಲೇ ಹೊರಟ ಅಂತ ಆಗುವುದಿಲ್ಲ. ಇರಾಕಿನ ಸದ್ದಾಂ ಹುಸೇನನ ವಿಷಯದಲ್ಲಿ ಪ್ರಪಂಚ ಇಡೀ ಇದೇ ಎರಡು ಪ್ರಶ್ನೆಗಳನ್ನು ಕಲಸಿ ಹಾಕಿತು.

ಸದ್ದಾಂ ನಮ್ಮ ಊರಿಗೆ ದೂರದವನಲ್ಲ. ಕಾಸರಗೋಡಿನಲ್ಲಿ ಗಲ್ಫ್ ಅಂದರೆ ಪಕ್ಕದ ಹಿತ್ತಲು. ನನ್ನ ಚಿಕ್ಕಪ್ಪ 1990ರಲ್ಲಿ ಕುವೈತಿನ ಒಂದು ಬಟ್ಟೆ ಅಂಗಡಿಯಲ್ಲಿದ್ದರು. ಆಗಸ್ಟ್ 2ರ ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಇರಾಕಿನ ಟ್ಯಾಂಕು. ಇಲ್ಲಿ ನಮಗೆ ವಾರಗಟ್ಟಲೆ ಸುದ್ದಿ ಇಲ್ಲ. ಅಜ್ಜಿ ದಿನಾ ಪೋಸ್ಟ್‌ಮ್ಯಾನ್ ಬರುವ ದಾರಿಗೆ ಹೋಗಿ ನಿಲ್ಲುತ್ತಿದ್ದರು. ಚಿಕ್ಕಪ್ಪ ಬಸ್ಸಿನಲ್ಲಿ ಮರುಭೂಮಿ ದಾಟಿ, ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಬಂದರು. ಆಗ ಹಾಗೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ತಂದದ್ದು ನಿಮಗೆ ನೆನಪಿರಬಹುದು.

ಸದ್ದಾಂ ಕೊಟ್ಟ ಕಾರಣ ಏನು? ಮೊದಲ ದಿನ ಹೇಳಿದ್ದು: ಕುವೈತಿನಲ್ಲಿ ಕ್ರಾಂತಿಯಾಗಿದೆ, ಅಲ್ಲಿನ ಯುವಕರು ನಮ್ಮನ್ನು ಕರೆದಿದ್ದಾರೆ, ಹೋಗಿದ್ದೇವೆ. ಆಗಸ್ಟ್ 8ಕ್ಕೆ ಮಾತು ಬದಲಾಯಿತು. ಕುವೈತ್ ಇರಾಕಿನ ಭಾಗ, ಸೇರಿಸಿಕೊಂಡಿದ್ದೇವೆ. ತಿಂಗಳ ಕೊನೆಗೆ ಅದು 19ನೇ ಪ್ರಾಂತ್ಯ. ಕರೆದದ್ದು ಸಹಾಯಕ್ಕೆ, ಆರು ದಿನದಲ್ಲಿ ಮನೆಯೇ ಇವರದ್ದು! ಇಷ್ಟು ಬೇಗ ಬಿದ್ದುಹೋಗುವ ಕಾರಣವನ್ನು ತೂಗಲಿಕ್ಕೆ ತಕ್ಕಡಿಯೂ ಬೇಡ. ಹಿಂದಿನ ಕಥೆ ಸಾಲದ್ದು. ಇರಾನಿನ ಜೊತೆ 8 ವರ್ಷ ಕಾದಾಡಿ ಇರಾಕ್ ಕುವೈತಿಗೂ ಸೌದಿಗೂ ದೊಡ್ಡ ಸಾಲ ಮಾಡಿಕೊಂಡಿತ್ತು. ಕುವೈತ್ ಜಾಸ್ತಿ ಎಣ್ಣೆ ತೆಗೆದು ಬೆಲೆ ಇಳಿಸುತ್ತಿದೆ, ಗಡಿಯ ರುಮೈಲಾ ಬಾವಿಗಳಿಂದ ನಮ್ಮ ಎಣ್ಣೆ ಕದಿಯುತ್ತಿದೆ ಅನ್ನುವ ಸಿಟ್ಟು ಬೇರೆ. ನಮ್ಮಲ್ಲಿ ಅಡಿಕೆ ತೋಟದ ಅಗಳಿನ ಜಗಳದಲ್ಲಿ ಮೊದಲು ಹಿರಿಯರ ಮರ್ಯಾದೆಯ ಮಾತು ಬರುತ್ತದೆ. ಅರ್ಧ ಗಂಟೆ ಬಿಟ್ಟು ನೀರಿನ ಮಾತು ಹೊರಡುತ್ತದೆ. ಹಾಗೆಯೇ.

ಈಗ ಆಚೆ ಬದಿ. ಅಮೆರಿಕ ಮತ್ತು ಅದರ ಜೊತೆಗಾರರು 1991ರ ಜನವರಿ 17ಕ್ಕೆ ಯುದ್ಧ ಶುರುಮಾಡಿದರು. ಹೇಳಿದ ಕಾರಣ ಕುವೈತಿನ ಬಿಡುಗಡೆ. ಅದರ ನಡುವೆ ಒಂದು ಹಸಿ ಸುಳ್ಳು ಓಡಾಡಿತ್ತು. ಹಿಂದಿನ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ 15 ವರ್ಷದ ಒಬ್ಬ ಹುಡುಗಿ ಅಳುತ್ತಾ ಹೇಳಿದ್ದಳು, ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲಕ್ಕೆ ಹಾಕಿದರು ಅಂತ. ಯುದ್ಧ ಮುಗಿದ ಮೇಲೆ ಗೊತ್ತಾಯಿತು, ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಆ ಕಥೆಗೆ ಆಧಾರ ಇಲ್ಲ. ಅಷ್ಟು ಗೊತ್ತಾದ ಕೂಡಲೇ ಇಡೀ ಯುದ್ಧವೇ ಮೋಸ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಕಥೆಯನ್ನು ಕಿತ್ತು ಹಾಕಿ. ಕುವೈತನ್ನು ನುಂಗಿದ್ದು ಸುಳ್ಳಾಗುತ್ತದಾ? ಕುವೈತ್ ಬಿಡುಗಡೆಯಾಯಿತು, ಫೆಬ್ರವರಿ 28ಕ್ಕೆ ಯುದ್ಧ ನಿಂತಿತು. ಬಾಗ್ದಾದ್ ದಾರಿ ತೆರೆದೇ ಇತ್ತು, ಹೋಗಲಿಲ್ಲ. ಎಣ್ಣೆಯ ಚಿಂತೆ ಅವರಿಗೆ ಇರಲಿಲ್ಲ ಅಂತ ಯಾರು ಹೇಳುತ್ತಾರೆ? ಖಂಡಿತ ಇತ್ತು. ಆದರೆ ಹೇಳಿದ ಕಾರಣ ಎಲ್ಲಿ ಮುಗಿಯಿತೋ ಅಲ್ಲಿ ಸೈನ್ಯ ನಿಂತಿತು. ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

12 ವರ್ಷ ಬಿಟ್ಟು ಅದೇ ದೇಶದ ಮೇಲೆ ಇನ್ನೊಂದು ಯುದ್ಧ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದರಷ್ಟು ಕಾಗದಪತ್ರ ಹೊರಗೆ ಬಂದ ಯುದ್ಧ ಕಡಿಮೆ.

2003ರ ಕಾರಣ ಸಾಮೂಹಿಕ ನಾಶದ ಅಸ್ತ್ರಗಳು. ಸದ್ದಾಂ ಹತ್ತಿರ ರಾಸಾಯನಿಕ, ಜೈವಿಕ ಅಸ್ತ್ರ ಇದೆ, ಅಣುಬಾಂಬಿಗೂ ಕೈಹಾಕಿದ್ದಾನೆ. ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಒಂದು ಸಣ್ಣ ಕುಪ್ಪಿ ಎತ್ತಿ ಹಿಡಿದ ಚಿತ್ರ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಆಗ ಇರಾಕಿನೊಳಗೆ ವಿಶ್ವಸಂಸ್ಥೆಯ ತಪಾಸಣೆಯವರು ಇದ್ದರು. ಹಿಂದಿನ ನವೆಂಬರ್‌ನಿಂದ ಹುಡುಕುತ್ತಿದ್ದರು. ರಾಶಿ ರಾಶಿ ಅಸ್ತ್ರ ಸಿಕ್ಕಿರಲಿಲ್ಲ. ಅವರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಮಾರ್ಚ್‌ನಲ್ಲಿ ಹೇಳಿದ್ದು ಇಷ್ಟು: ಇನ್ನು ವರ್ಷಗಳು ಬೇಡ, ವಾರಗಳೂ ಸಾಲದು, ತಿಂಗಳುಗಳು ಬೇಕು.

ಅಸ್ತ್ರವೇ ನಿಜವಾದ ಕಾರಣವಾಗಿದ್ದರೆ ಆ ತಿಂಗಳುಗಳನ್ನು ಕೊಡಬೇಕಿತ್ತು, ಅಲ್ವಾ? ಹುಡುಕುವವನು ಮನೆಯೊಳಗೇ ಇದ್ದಾನೆ. ಕಪಾಟು ತೆರೆಯುತ್ತಿದ್ದಾನೆ. ನೀವು ಅವನನ್ನು ಹೊರಗೆ ಕರೆದು ಮನೆಗೆ ಬೆಂಕಿ ಇಡುತ್ತೀರಿ. ಮಾರ್ಚ್ 18ಕ್ಕೆ ತಪಾಸಣೆಯವರು ಹೊರಟರು, 20ಕ್ಕೆ ದಾಳಿ. ಆಮೇಲೆ ಅಮೆರಿಕದವರೇ ಇಡೀ ದೇಶ ಜಾಲಾಡಿದರು. ಅಸ್ತ್ರದ ರಾಶಿ ಇರಲಿಲ್ಲ. ಕಾರಣ ಬಿದ್ದೇ ಹೋಯಿತು. ಯುದ್ಧ ನಿಲ್ಲಲಿಲ್ಲ, ಪ್ರಜಾಪ್ರಭುತ್ವ ಅನ್ನುವ ಇನ್ನೊಂದು ಕಾರಣದ ಅಂಗಿ ತೊಟ್ಟು ಮುಂದುವರಿಯಿತು.

ಹಾಗಾದರೆ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಬ್ರಿಟನ್ನಿನ ಪ್ರಧಾನಿ ಬ್ಲೇರ್ ಸುಳ್ಳು ಹೇಳಿದರಾ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅವರು ಅಸ್ತ್ರ ಇದೆ ಅಂತ ನಂಬಿಯೇ ಇದ್ದಿರಬಹುದು. ಸದ್ದಾಂ ಹಿಂದೆ ಹಲಬ್ಜದಲ್ಲಿ ಕುರ್ದ್ ಜನರ ಮೇಲೆ ವಿಷಾನಿಲ ಹಾಕಿದವನು, ನಂಬಲಿಕ್ಕೆ ಕಾರಣ ಇತ್ತು. ಅವರ ಸುಳ್ಳು ಇದ್ದದ್ದು ಇನ್ನೊಂದು ಕಡೆ, ಅನುಮಾನವನ್ನು ಖಾತ್ರಿ ಅಂತ ಹೇಳಿದ್ದರಲ್ಲಿ. ಇರಬಹುದು ಅನ್ನಬೇಕಾದಲ್ಲಿ ಇದೆ ಅಂದರು. ಉದ್ದೇಶ ತಿಳಿಯಲಿಕ್ಕೆ ಇನ್ನೊಂದು ಕಾಗದ ಇದೆ. 2002ರ ಜುಲೈ 28ರಂದು, ಯುದ್ಧಕ್ಕೆ ಸುಮಾರು ಎಂಟು ತಿಂಗಳು ಮೊದಲೇ, ಏನೇ ಆದರೂ ನಾನು ನಿಮ್ಮ ಜೊತೆ ಇರುತ್ತೇನೆ ಅಂತ ಬ್ಲೇರ್ ಬುಷ್‌ಗೆ ಬರೆದಿದ್ದರು. ತಪಾಸಣೆಯವರು ಆಗ ಇರಾಕಿಗೆ ಇನ್ನೂ ವಾಪಸು ಹೋಗಿರಲಿಲ್ಲ. ಏನೇ ಆದರೂ ಅಂದ ಮೇಲೆ ಅಸ್ತ್ರ ಸಿಕ್ಕರೇನು, ಬಿಟ್ಟರೇನು? ಬ್ರಿಟನ್ನಿನವರೇ ನೇಮಿಸಿದ ಚಿಲ್ಕಾಟ್ ಸಮಿತಿ 2016ರಲ್ಲಿ ವರದಿ ಕೊಟ್ಟಿತು. ಯುದ್ಧವೇ ಕೊನೆಯ ದಾರಿಯಾಗಿರಲಿಲ್ಲ, ಶಾಂತಿಯ ದಾರಿಗಳು ಮುಗಿಯುವ ಮೊದಲೇ ನುಗ್ಗಿದರು ಅಂತ.

ಇಷ್ಟು ಹೊತ್ತು ಬೇರೆಯವರ ಯುದ್ಧ. ನಮ್ಮದನ್ನೂ ತಕ್ಕಡಿಗೆ ಹಾಕದೆ ಎದ್ದು ಹೋದರೆ ನನ್ನ ಕ್ಲಾಸಿನ ಆ ಹುಡುಗಿ ನನ್ನನ್ನು ಬಿಡಲಿಕ್ಕಿಲ್ಲ.

1971ರಲ್ಲಿ ನಾನು ಸಣ್ಣವ. ಕಾಗದಕ್ಕೆ ಮಾಮೂಲಿ ಸ್ಟಾಂಪಿನ ಜೊತೆ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪು ಅಂಟಿಸಬೇಕಿತ್ತು. ಬಂಗಾಳ ಎಲ್ಲಿದೆ ಅಂತ ಗೊತ್ತಿಲ್ಲದ ನಮ್ಮ ಅಜ್ಜನೂ ಆ 5 ಪೈಸೆಗೆ ಗೊಣಗುತ್ತಿದ್ದರು. ಮಾರ್ಚ್ 25ರ ರಾತ್ರಿ, ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಕೊಲೆ ಶುರುಮಾಡಿತ್ತು. ವರ್ಷದ ಕೊನೆಗೆ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಿದ್ದರು. ಡಿಸೆಂಬರ್ 3ಕ್ಕೆ ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಹಾಕಿದವು. 16ಕ್ಕೆ ಢಾಕಾ ಶರಣಾಯಿತು. ಸೆರೆಸಿಕ್ಕವರು 93,000. ಶಾಲೆಯಲ್ಲಿ ನಾನು ಕಲಿಸಿದ್ದು ಇಷ್ಟೇ.

ಕಲಿಸದೆ ಬಿಟ್ಟದ್ದೂ ಇದೆ. ಅಲ್ಲಿನ ಹೋರಾಟಗಾರರ ಪಡೆ ಮುಕ್ತಿ ಬಾಹಿನಿಗೆ ನಾವು ತಿಂಗಳುಗಟ್ಟಲೆ ತರಬೇತಿ ಕೊಟ್ಟಿದ್ದೆವು. ನವೆಂಬರ್ ಮೂರನೇ ವಾರದಲ್ಲೇ ನಮ್ಮ ಸೈನಿಕರು ಗಡಿಯಾಚೆ ಕಾದಾಡಿದ್ದರು. ಇಂಥ ಅವಕಾಶ ಮತ್ತೆ ಸಿಗಲಿಕ್ಕಿಲ್ಲ ಎಂಬ ಮಾತನ್ನು ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಮಾರ್ಚ್ ಕೊನೆಗೇ ಆಡಿದ್ದರು. ಪಾಕಿಸ್ತಾನ ಎರಡಾದರೆ ನಮಗೆ ಲಾಭ ಅಂತ ದಿಲ್ಲಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಭದ್ರತಾ ಮಂಡಳಿಯಲ್ಲಿ ಮಾತ್ರ ನಮ್ಮ ಪ್ರತಿನಿಧಿ ಸಮರ್ ಸೇನ್, ಈ ಸಲ ನಮ್ಮದು ಅತ್ಯಂತ ಶುದ್ಧ ಉದ್ದೇಶ, ಪೂರ್ವ ಬಂಗಾಳದ ಜನರನ್ನು ಸಂಕಟದಿಂದ ಬಿಡಿಸುವುದು ಅಂದರು. ಈ ಸಲ ಅನ್ನುವ ಮಾತು ನನಗೆ ತುಂಬಾ ಇಷ್ಟ. ಉಳಿದ ಸಲ ಅಷ್ಟು ಶುದ್ಧ ಇರುವುದಿಲ್ಲ ಅಂತ ಒಬ್ಬ ರಾಯಭಾರಿ ಬಾಯಿತಪ್ಪಿ ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ.

ಶುದ್ಧವಂತೂ ಅಲ್ಲ. ಹಾಗಂತ ಸುಳ್ಳಾ? ನಿರಾಶ್ರಿತರೇ ಇಲ್ಲದಿದ್ದರೆ 1971ರಲ್ಲಿ ಆ ಯುದ್ಧ ಆಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಲಾಭದ ಆಸೆ ಒಂದೇ ಇದ್ದು ಆ ಒಂದು ಕೋಟಿ ಜನ ಬಾರದೆ ಇದ್ದಿದ್ದರೆ ಇಂದಿರಾ ಗಾಂಧಿ ಇಷ್ಟು ದೂರ ಹೋಗುತ್ತಿರಲಿಲ್ಲ. ಕೊನೆಯನ್ನೂ ನೋಡಿ. ಢಾಕಾ ಬಿದ್ದ ಮರುದಿನ ಪಶ್ಚಿಮದ ಗಡಿಯಲ್ಲಿ ನಾವೇ ಕದನ ನಿಲ್ಲಿಸಿದೆವು. 1972ರ ಮಾರ್ಚ್‌ಗೆ ನಮ್ಮ ಸೈನ್ಯ ಬಾಂಗ್ಲಾದೇಶದಿಂದ ವಾಪಸು ಬಂತು. ನಿರಾಶ್ರಿತರಲ್ಲಿ ಹೆಚ್ಚಿನವರು ಊರಿಗೆ ಹೋದರು. ಲಾಭದ ಆಸೆಯೂ ಕರುಣೆಯೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಎಳೆದವು. ಯಾವುದು ಎಷ್ಟು ಎಳೆಯಿತು ಅಂತ ಅಳೆಯಲಿಕ್ಕೆ ನನ್ನ ಹತ್ತಿರ ಕೋಲಿಲ್ಲ. ಕರುಣೆಯ ಎತ್ತನ್ನು ಬಿಚ್ಚಿದ್ದರೆ ಗಾಡಿ ಹೊರಡುತ್ತಿರಲಿಲ್ಲ ಅಂತ ಮಾತ್ರ ಹೇಳಬಲ್ಲೆ. ಇದು ನಮ್ಮ ದೇಶದ ಯುದ್ಧ, ನನ್ನ ತಕ್ಕಡಿ ಸ್ವಲ್ಪ ವಾಲಿರಬಹುದು. ಢಾಕಾದವರನ್ನೂ ಲಾಹೋರಿನವರನ್ನೂ ಕೇಳಿದರೆ ಬೇರೆ ತೂಕ ಬಂದೀತು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು.

ಕಾಲೇಜಿನ ಒಬ್ಬ ಹುಡುಗ ಕೇಳಿದ: "ಸಾರ್, ಪತ್ರ, ವರದಿ ಎಲ್ಲ ಹೊರಗೆ ಬರುವಾಗ ಹತ್ತಿಪ್ಪತ್ತು ವರ್ಷ ಆಗಿರ್ತದೆ. ಯುದ್ಧ ಶುರುವಾಗುವ ದಿನ ನಮಗೆ ಹೇಗೆ ಗೊತ್ತಾಗುವುದು?" ಒಳ್ಳೆಯ ಪ್ರಶ್ನೆ. ಆದರೆ 2003ರಲ್ಲಿ ಬೇಕಾದದ್ದರಲ್ಲಿ ಅರ್ಧದಷ್ಟು ಆ ವಾರವೇ ಕಣ್ಣೆದುರು ಇತ್ತು. ಬ್ಲಿಕ್ಸ್ ಸಮಯ ಕೇಳಿದ್ದು ಪತ್ರಿಕೆಯಲ್ಲಿ ಬಂದಿತ್ತು. ಬ್ಲೇರ್ ಮಂತ್ರಿಮಂಡಲದಲ್ಲಿದ್ದ ರಾಬಿನ್ ಕುಕ್ ಮಾರ್ಚ್ 17ಕ್ಕೆ ರಾಜೀನಾಮೆ ಕೊಟ್ಟು, ಸಾಮೂಹಿಕ ನಾಶದ ಅಸ್ತ್ರ ಅಂದರೆ ಸಾಮಾನ್ಯವಾಗಿ ಎಲ್ಲರೂ ತಿಳಿಯುವ ಅರ್ಥದ ಅಸ್ತ್ರ ಇರಾಕಿನಲ್ಲಿ ಇರಲಿಕ್ಕಿಲ್ಲ ಅಂತ ಸಂಸತ್ತಿನಲ್ಲಿ ನಿಂತು ಹೇಳಿದ್ದರು. ಅವತ್ತಿನ ಪೇಪರ್ ನಾನೂ ಓದಿದ್ದೆ. ಓದಿ, ಮಡಚಿ, ಕ್ರಿಕೆಟ್ ಪುಟಕ್ಕೆ ಹೋಗಿದ್ದೆ. ವಿಶ್ವಕಪ್ಪು ನಡೆಯುತ್ತಿತ್ತು.

ಎರಡನೆಯದು ಹಿಂದೆ ನಿಂತಿದ್ದ ಒಬ್ಬರದು. ಅವರೂ ಗಲ್ಫಿನಲ್ಲಿದ್ದು ಬಂದವರು. "ಇಷ್ಟೆಲ್ಲ ಎಂತಕ್ಕೆ ಮಾಷ್ಟ್ರೆ? ಎಲ್ಲ ಎಣ್ಣೆಗೆ ಅಲ್ವಾ?" ಸಭೆ ನಕ್ಕಿತು. ಅರ್ಧ ನಿಜ ಅಂದೆ. ಆದರೆ ಎಲ್ಲದಕ್ಕೂ ಎಣ್ಣೆ ಅಂದುಬಿಟ್ಟರೆ 1991ರಲ್ಲಿ ಬಾಗ್ದಾದಿಗೆ ಹೋಗದೆ ನಿಂತದ್ದು ಯಾಕೆ, 2003ರಲ್ಲಿ ಹೋದದ್ದು ಯಾಕೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಎಣ್ಣೆ ಎರಡೂ ಸಲ ಅಲ್ಲೇ ಇತ್ತಲ್ಲ.

ಅವರಿಗೆ ಸಮಾಧಾನ ಆಗಲಿಲ್ಲ. ಮುಂದಿನ ಸಾಲಿನಲ್ಲಿ ಚಿಕ್ಕಪ್ಪ ಕೂತಿದ್ದರು. ಕಿವಿ ಸ್ವಲ್ಪ ಮಂದ, ಆದರೆ ಎಣ್ಣೆ ಅನ್ನುವ ಮಾತು ಕೇಳಿಸಿತು. ಎದ್ದು ನಿಂತು ಹೇಳಿದರು: ಕುವೈತಿನಿಂದ ಬರುವಾಗ ಕೈಯಲ್ಲಿ ಒಂದು ಚೀಲ, ಹಾಕಿದ ಅಂಗಿ. ವರ್ಷಗಳಾದ ಮೇಲೆ ವಿಶ್ವಸಂಸ್ಥೆಯ ಪರಿಹಾರ ಬಂತು, ಡಾಲರಿನ ಲೆಕ್ಕದಲ್ಲಿ. ಮನೆಯ ಹಂಚು ಬದಲಾಯಿಸಿದ್ದು, ಬಾವಿಗೆ ಪಂಪು ಇಟ್ಟದ್ದು ಅದರಲ್ಲಿ. ಆ ಹಣ ಎಲ್ಲಿಂದ ಅಂತ ಬ್ಯಾಂಕಿನವರನ್ನು ಕೇಳಿದರಂತೆ. ಇರಾಕ್ ಎಣ್ಣೆ ಮಾರಿದ್ದರಲ್ಲಿ ಒಂದು ಪಾಲು ಮುರಿದುಕೊಂಡು ಕೊಡುವುದು ಅಂತ ಅವರು ಹೇಳಿದರಂತೆ.

"ಯುದ್ಧ ಎಣ್ಣೆಗೆ ಆದದ್ದೋ ಅಲ್ಲವೋ ನನಗೆ ಗೊತ್ತಿಲ್ಲ" ಅಂದರು ಚಿಕ್ಕಪ್ಪ. "ನನ್ನ ಬಾವಿಗೆ ಪಂಪು ಬಂದದ್ದು ಎಣ್ಣೆಯಿಂದಲೇ." ಕೂತರು. ಅಷ್ಟರಲ್ಲಿ ಗೋಳಿಬಜೆಯ ತಟ್ಟೆಗಳು ಒಳಗೆ ಬಂದವು.